ಪೆಕನ್ ಕೌಂಟಿಯ ಮೋಟೆಲ್ ಓನರ್

ಶುಕ್ರವಾರ ಸಂಜೆ ಊಟಕ್ಕೆ ಕರೆದವರ ಮನೆಯಲ್ಲಿ ಮಧ್ವೇಶ ಸುಮ್ಮನೆ ಚಿತ್ರಾನ್ನ ತಿಂದುಕೊಂಡು ಕೂತಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಹಾಲಿವುಡ್‌ನವರಿಗೆ ಹೊಸ ಕತೆ ಹೊಳೆಯುತ್ತಿಲ್ಲ, ತಂಗಳನ್ನಕ್ಕೆ ಒಗ್ಗರಣೆ ಹಾಕಿದ ಹಾಗೆ ಹಳೇ ಟೀವಿ ಧಾರಾವಾಹಿಗಳನ್ನೇ ಸಿನಿಮಾ ಮಾಡುತ್ತಿದ್ದಾರೆ ಎಂದು ಮಾತು ಬಂತು. ಯಾರೋ ‘ಪೆಕನ್ ಕೌಂಟಿ’ಯ ಹೆಸರೆತ್ತಿದರು. ಟೆಕ್ಸಸ್‌ನ ಒಬ್ಬ ಪೊಲೀಸ್ ಶೆರಿಫ್, ವಾರಕ್ಕೊಂದು ಕೊಲೆ. ಮೂವತ್ತು ವರ್ಷದ ಹಿಂದೆ ಸ್ವಲ್ಪ ಕಾಲ ಓಡಿ ನಿಂತುಹೋದ ಧಾರಾವಾಹಿ. ಈಗ ಅದೂ ಸಿನಿಮಾ ಆಗುತ್ತಿತ್ತು. ಶೂಟಿಂಗ್ ಮೂರು ಗಂಟೆ ದಾರಿಯ ಆಸ್ಟಿನ್‌ನಲ್ಲೇ.

“ಅದರ ಫಸ್ಟ್ ಎಪಿಸೋಡ್‌ನಲ್ಲಿ ನಾನೂ ಇದ್ದೆ. ಮೋಟೆಲ್ ಓನರ್ ಪಾರ್ಟು,” ಎಂದುಬಿಟ್ಟ ಮಧ್ವೇಶ.

ಸುಳ್ಳೇನಲ್ಲ. ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ಸಿಕ್ಕಿದ ಅವಕಾಶ ಅದು. ಹೇಳದೆ ಬಿಟ್ಟದ್ದು ಒಂದೇ ವಿಷಯ. ಕತೆ ಶುರುವಾಗುವ ಹೊತ್ತಿಗೇ ಆ ಮೋಟೆಲ್ ಓನರ್ ಸತ್ತುಹೋಗಿದ್ದ. ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದ ಮಧ್ವೇಶನ ಪಾದಗಳನ್ನು ಮಾತ್ರ ಅಮೆರಿಕ ಕಂಡಿತ್ತು. ಮೈಸೂರಿಗೆ ಹೆಣ್ಣು ನೋಡಲು ಹೋದಾಗಲೂ ಅವನು ರಂಜನಿಗೆ ಇದೇ ಅರ್ಧ ಕತೆ ಹೇಳಿದ್ದ. ಆ ಧಾರಾವಾಹಿ ಆಮೇಲೆ ಎಲ್ಲೂ ನೋಡಲು ಸಿಗದೇ ಇದ್ದುದರಿಂದ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಮರುದಿನ ಬೆಳಿಗ್ಗೆ ಅವನಿನ್ನೂ ಕಾಫಿ ಮುಗಿಸಿರಲಿಲ್ಲ, ಪಕ್ಕದ ಮನೆಯ ಡಾಕ್ಟರ್ ಚನ್ನವೀರಪ್ಪ ಬಂದರು. ಧಾರವಾಡದವರು, ಹೃದಯದ ಡಾಕ್ಟರಾಗಿದ್ದು ರಿಟೈರ್ ಆದವರು. ಜನರ ಹೃದಯ ನೋಡುವುದು ನಿಂತ ಮೇಲೆ ಡಾಲಸ್ ಪಕ್ಕದ ಫ್ಲವರ್ ಮೌಂಡಿನ ಕನ್ನಡಿಗರ ಉಳಿದೆಲ್ಲ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದರು.

“ಮಧ್ವೇಶ, ಲಗೂನ ತಯಾರಾಗ್ರಿ. ಆಸ್ಟಿನ್‌ಗೆ ಹೊಂಟೇವಿ.”

“ಯಾಕ್ ಡಾಕ್ಟ್ರೇ?”

“ಹಳೇ ಸೀರಿಯಲ್‌ನಾಗ ಆ್ಯಕ್ಟ್ ಮಾಡಿದವ್ರು ಯಾರರೆ ಇದ್ರ ಇವತ್ತ ಶೂಟಿಂಗಿಗೆ ಬರ್ರಿ ಅಂತ ಸಿನಿಮಾದವ್ರು ನೆಟ್‌ನಾಗ ಹಾಕ್ಯಾರ. ನಾ ನಿನ್ನೆ ಊಟ ಮುಗಿಸಿ ಮನಿಗೆ ಬಂದವನ ನಿಮ್ಮ ಹೆಸರಲೆ ಈಮೇಲ್ ಮಾಡಿದ್ದೆ. ಅವಶ್ಯ ಬರ್ರಿ ಅಂತ ಉತ್ತರ ಬಂದದ.”

ಮಧ್ವೇಶ ಕಾಫಿ ಲೋಟ ಕೆಳಗಿಟ್ಟ. “ಇವತ್ತು ಮನೆ ಮುಂದಿನ ಹುಲ್ಲು ಕತ್ತರಿಸೋದಿದೆ,” ಎಂದ.

“ಹುಲ್ಲು ಎಲ್ಲಿ ಹೋಗ್ತದ್ರಿ?”

ಅಷ್ಟರಲ್ಲಿ ರಂಜನಿ ಮೈಸೂರು ಸಿಲ್ಕ್ ಸೀರೆ ಉಟ್ಟು ಮೆಟ್ಟಿಲಿಳಿದು ಬಂದಳು. “ನಮ್ಮ ಕಡೆಯವರಿಗೆಲ್ಲ ಇಷ್ಟು ವರ್ಷದಿಂದ ಹೇಳ್ಕೊಂಡು ಬಂದಿದೀನಿ. ಒಂದ್ಸಲ ಕಣ್ಣಾರೆ ನೋಡ್ಬೇಡ್ವಾ?” ಎಂದಳು. ಇನ್ನು ಹುಲ್ಲಿನ ಮಾತು ನಡೆಯುವಂತಿರಲಿಲ್ಲ.

ಮಧ್ವೇಶನ ಮಿನಿವ್ಯಾನ್ ಹೊರಟಿತು. ಹಿಂದಿನ ಸೀಟಿನಲ್ಲಿ ಚನ್ನವೀರಪ್ಪನವರ ಹೆಂಡತಿ ತ್ರಿವೇಣಿ ಒಂದು ಕೈಯಲ್ಲಿ ಚಕ್ಕುಲಿ ಡಬ್ಬಿ, ಇನ್ನೊಂದರಲ್ಲಿ ಫೋನ್ ಹಿಡಿದು ಕೂತರು. ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಅವರೇ ಒಡತಿ. ಡಾಲಸ್ ದಾಟುವಾಗ “ನಮ್ಮ ಮಧ್ವೇಶ ಅವರಿಗೆ ಹಾಲಿವುಡ್ ಕರೆ” ಎಂದು ಬರೆದರು. ಹಿಲ್ಸ್‌ಬೊರೊ ಹತ್ತಿರ ಬರುವಷ್ಟರಲ್ಲಿ ಅವನ ಪಾತ್ರ ಮುಖ್ಯ ಪಾತ್ರವಾಯಿತು. ವೇಕೋದಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಅವನು ಶೆರಿಫ್‌ನ ಆಪ್ತಮಿತ್ರನಾಗಿದ್ದ.

ಮಧ್ವೇಶ ತನಗೆ ತಿಳಿದ ಉಪಾಯಗಳನ್ನೆಲ್ಲ ಮಾಡಿದ. ಟೈರಿನಲ್ಲಿ ಗಾಳಿ ಕಡಿಮೆಯಿದೆಯೆಂಬ ಲೈಟು ಉರಿಯುತ್ತಿದೆ ಎಂದ. ಚನ್ನವೀರಪ್ಪ ಇಳಿದು ನಾಡಿ ನೋಡುವ ಹಾಗೆ ಟೈರುಗಳನ್ನೆಲ್ಲ ಮುಟ್ಟಿ ನೋಡಿ “ಗಟ್ಟಿ ಅದಾವ” ಎಂದರು. ಎದೆ ಹಿಡಿದ ಹಾಗಾಗುತ್ತಿದೆ ಎಂದ. ಹೃದಯದ ಡಾಕ್ಟರ ಎದುರಿಗೆ ಅದೂ ನಿಲ್ಲಲಿಲ್ಲ. ಕೊನೆಗೆ ರಂಜನಿಯನ್ನು ಬದಿಗೆ ಕರೆದ.

“ರಂಜು, ಆ ಪಾರ್ಟ್‌ನಲ್ಲಿ ಡೈಲಾಗ್ ಅಷ್ಟೇನೂ ಇರ್ಲಿಲ್ಲ.”

“ಮಾತಿಲ್ದೆ ಆ್ಯಕ್ಟ್ ಮಾಡೋದೇ ಕಷ್ಟ,” ಎಂದು ರಂಜನಿ ಅವನ ಕಾಲರ್ ಸರಿಮಾಡಿದಳು. ಅವಳ ಕಣ್ಣಲ್ಲಿ ಅಭಿಮಾನ ತುಂಬಿತ್ತು. ಮದುವೆಯಾದ ಹೊಸದರಲ್ಲಿ ಅವಳು ಹಾಗೆ ನೋಡುತ್ತಿದ್ದಳು. ಇನ್ನೊಂದು ಅರ್ಧ ದಿನ ಹಾಗೇ ನೋಡಿಕೊಂಡಿರಲಿ ಅನ್ನಿಸಿತು.

ಅಷ್ಟರಲ್ಲಿ ರಂಜನಿಯ ಫೋನ್ ರಿಂಗಾಯಿತು. ಹೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿರುವ ಅವಳ ಚಿಕ್ಕಪ್ಪನ ಮಗ ಉಲ್ಲಾಸ್. ಗುಂಪಿನಲ್ಲಿ ಸುದ್ದಿ ಓದಿದ್ದ. “ಭಾವಂಗೆ ಹೇಳು ಅಕ್ಕ, ನಾನೂ ಹೂಸ್ಟನ್‌ನಿಂದ ಹೊರಟು ಅರ್ಧ ದಾರಿ ಬಂದಿದೀನಿ. ಗುಲಾಬಿ ಹಾರ ತರ್ತಿದೀನಿ.”

ಆಸ್ಟಿನ್‌ನ ಆಚೆ, ಹೆದ್ದಾರಿಯ ಪಕ್ಕದ ಒಂದು ಹಳೇ ಮೋಟೆಲ್ ಮುಂದೆ ಲಾರಿಗಳೂ ದೀಪಗಳೂ ನಿಂತಿದ್ದವು. ಉಲ್ಲಾಸ್ ಆಗಲೇ ಬಂದು ಹಾರ ಹಿಡಿದು ಕಾಯುತ್ತಿದ್ದ. ತ್ರಿವೇಣಿ ಫೋನ್ ಎತ್ತಿ ಲೈವ್ ಶುರುಮಾಡಿದರು. ಉಲ್ಲಾಸ್ ಹಾರವನ್ನು ಮಧ್ವೇಶನ ಕೊರಳ ಮಟ್ಟಕ್ಕೆ ತಂದಿದ್ದ. ಆಗ ಕಿವಿಗೆ ಮೈಕ್ ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗಿ ಓಡಿಬಂದಳು.

“ನೀವೇ ಮಧ್ವೇಶ್ ಅಲ್ವಾ? ನಿನ್ನೆ ತಾನೇ ಹಳೇ ಎಪಿಸೋಡ್ ನೋಡಿದ್ವಿ. ಡೆಡ್ ಬಾಡಿ! ತುಂಬ ಚೆನ್ನಾಗಿ ಮಾಡಿದ್ರಿ.”

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೂ ‘ಡೆಡ್ ಬಾಡಿ’ಗೆ ಅನುವಾದ ಬೇಕಿರಲಿಲ್ಲ. ಉಲ್ಲಾಸ್‌ನ ಹಾರ ಗಾಳಿಯಲ್ಲೇ ನಿಂತಿತು. ತ್ರಿವೇಣಿ ನಿಧಾನವಾಗಿ ಫೋನ್ ಇಳಿಸಿದರು. ರಂಜನಿ ಗಂಡನ ಮುಖ ನೋಡಿದಳು.

“ಹೆಣಾನಾ?”

“ಮುಖ ಮುಚ್ಚಿದ್ರು,” ಎಂದ ಮಧ್ವೇಶ. “ಕಾಲು ಕಾಣತ್ತೆ.”

“ಬರೀ ಕಾಲಾ?”

“ಎರಡೂ.”

ಕುಕ್ಕರು ವಿಶಲ್ ಹೊಡೆಯುವ ಮುಂಚೆ ಒಂದು ಕ್ಷಣ ಸದ್ದು ನಿಲ್ಲಿಸುತ್ತದಲ್ಲ, ಹಾಗೆ ನಿಂತಳು ರಂಜನಿ.

ಆ ಹೊತ್ತಿಗೇ ಟೋಪಿ ಹಾಕಿಕೊಂಡ ನಿರ್ದೇಶಕ ತಲೆ ಚಚ್ಚಿಕೊಳ್ಳುತ್ತ ಬಂದ. ಹಳೇ ಕತೆಯಂತೆಯೇ ಇದರಲ್ಲೂ ಮೋಟೆಲ್ ಹಿಂದೆ ಹೆಣ ಬಿದ್ದಿರುತ್ತದೆ, ಅದಕ್ಕೆ ಮಧ್ವೇಶನೇ ಇದ್ದ. ಆದರೆ ಈ ಸಲ ಓನರ್‌ನ ಹೆಂಡತಿ ಬಂದು ಬಟ್ಟೆ ಎತ್ತಿ ನೋಡಬೇಕು. ಆ ಪಾತ್ರದ ನಟಿ ಬಿರುಗಾಳಿಯಿಂದಾಗಿ ಲಾಸ್ ಏಂಜಲೀಸ್‌ನಲ್ಲೇ ಸಿಕ್ಕಿಕೊಂಡಿದ್ದಳು. ನಿರ್ದೇಶಕನ ಕಣ್ಣು ರೇಷ್ಮೆ ಸೀರೆಯಲ್ಲಿ ಕೆಂಡದಂತೆ ನಿಂತಿದ್ದ ರಂಜನಿಯ ಮೇಲೆ ಬಿತ್ತು.

“ಈ ಮುಖ ಹೀಗೇ ಇರಲಿ,” ಎಂದ. “ನಿಮ್ಮ ಭಾಷೆಯಲ್ಲೇ ಮಾತಾಡಿ, ಕೆಳಗೆ ಇಂಗ್ಲಿಷ್ ಹಾಕ್ತೀವಿ.” ಮೈಕಿನ ಹುಡುಗಿ ರಂಜನಿಯನ್ನು ಆಚೆ ಕರೆದೊಯ್ದು ಏನು ಹೇಳಬೇಕೆಂದು ತಿಳಿಸಿದಳು.

ಮಧ್ವೇಶನಿಗೆ ಹೋದ ಜೀವ ಬಂದಂತಾಯಿತು. ಬಟ್ಟೆ ಎತ್ತುತ್ತಾರೆ ಅಂದರೆ ಮುಖ ಕಾಣಿಸಲೇಬೇಕು. “ನೋಡು ರಂಜು, ಈ ಸಲ ಮುಖಾನೂ ಬರತ್ತೆ,” ಎಂದು ದೂರದಿಂದಲೇ ಕೂಗಿ ಹೇಳಿ ಚಪ್ಪಲಿ ಬಿಚ್ಚಿ ಮಲಗಿದ. ಸೆಟ್ ಅಲಂಕಾರದವನೊಬ್ಬ ಉಲ್ಲಾಸ್‌ನ ಕೈಲಿದ್ದ ಹಾರವನ್ನು ಮೆಚ್ಚಿ ತಂದು ಹೆಣದ ಮೇಲಿಟ್ಟ. ಈಗಷ್ಟೇ ಕೊಲೆಯಾದವನಿಗೆ ಹಾರ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಬಟ್ಟೆಯೊಳಗೆ ಟೆಕ್ಸಸ್‌ನ ಮಧ್ಯಾಹ್ನ ಇಡ್ಲಿ ಪಾತ್ರೆಯಂತಿತ್ತು. ಇರುವೆಯೊಂದು ಹಿಮ್ಮಡಿ ಕಚ್ಚಿತು. ಮಧ್ವೇಶ ಅಲುಗಲಿಲ್ಲ. ಹೆಜ್ಜೆ ಸದ್ದಾಯಿತು, ಬಟ್ಟೆ ಸರಿಯಿತು. ಮುಚ್ಚಿದ ರೆಪ್ಪೆಯ ಮೇಲೆ ಬೆಳಕು ಬಿತ್ತು. ರಂಜನಿ ಬಗ್ಗಿ ನೋಡಿದಳು.

“ಇವರು ನಮ್ಮನೆಯವರಲ್ಲ,” ಎಂದಳು.

ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಒಂದೇ ಟೇಕಿಗೆ ಮುಗಿಯಿತು. ಜನರೆಲ್ಲ ಚಪ್ಪಾಳೆ ತಟ್ಟಿದರು. ಲೈಟ್ ಹಿಡಿದವನು ಕಣ್ಣೊರೆಸಿಕೊಂಡ.

“ಅದು ಸ್ಕ್ರಿಪ್ಟ್‌ನಲ್ಲಿತ್ತಾ?” ಎಂದು ಮಧ್ವೇಶ ಮಲಗಿದ್ದಲ್ಲಿಂದಲೇ ಕೇಳಿದ.

“ಇತ್ತು,” ಎಂದಳು ಮೈಕಿನ ಹುಡುಗಿ. ಹೊಸ ಕತೆಯಲ್ಲಿ ಸತ್ತವನು ಬೇರೆ ಯಾರೋ. ಮೋಟೆಲ್ ಓನರ್ ಎಲ್ಲೋ ತಲೆಮರೆಸಿಕೊಂಡು ಬದುಕಿರುತ್ತಾನೆ.

“ಮತ್ತೆ ನನ್ನ ಮುಖ?”

“ಕ್ಯಾಮೆರಾ ಅವರ ಮುಖದ ಮೇಲಿತ್ತು. ನಿಮ್ಮ ಪಾದ ಚೆನ್ನಾಗಿ ಬಂದಿದೆ.”

ರಂಜನಿಯ ನಟನೆ ನೋಡಿದ ಮೇಲೆ ನಿರ್ದೇಶಕನಿಗೆ ಆ ಪಾತ್ರ ಬೆಳೆಸುವ ಮನಸ್ಸಾಯಿತು. ಬದುಕಿರುವ ಗಂಡ ಹೂಸ್ಟನ್‌ನಲ್ಲಿ ಸಿಗಬೇಕು, ಗಂಡ ಹೆಂಡತಿಯ ನಡುವೆ ಒಳ್ಳೆಯ ದೃಶ್ಯಗಳಿರಬೇಕು, ಅದಕ್ಕೊಬ್ಬ ಗಂಡ ಬೇಕು ಎಂದು ಗಟ್ಟಿಯಾಗಿ ಯೋಚಿಸತೊಡಗಿದ. ಹೆಣ ಹಾರದ ಸಮೇತ ಎದ್ದು ನಿಂತಿತು.

“ನಾನಿದೀನಲ್ಲ. ನಾನೇ ಅವಳ ನಿಜವಾದ ಗಂಡ.”

ನಿರ್ದೇಶಕ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದ. ಎದುರಿನಿಂದ ನೋಡಿದ, ಪಕ್ಕದಿಂದ ನೋಡಿದ. ಏನಾದರೂ ಮಾತಾಡಿಕೊಳ್ಳಿ ಎಂದ.

“ಏನಾದ್ರೂ ಹೇಳೇ,” ಎಂದ ಮಧ್ವೇಶ.

“ನಿಮ್ಮ ಹತ್ರ ನಂಗೇನೂ ಮಾತಿಲ್ಲ,” ಎಂದು ರಂಜನಿ ಆ ಕಡೆ ತಿರುಗಿದಳು.

ನಿರ್ದೇಶಕ ಬೇಸರದಿಂದ ತಲೆಯಾಡಿಸಿದ. “ಇವರಿಬ್ರೂ ಗಂಡ ಹೆಂಡತಿ ಅಂದ್ರೆ ಯಾರೂ ನಂಬಲ್ಲ.”

ಅಷ್ಟರಲ್ಲಿ ಚನ್ನವೀರಪ್ಪ ಒಂದು ಕುರ್ಚಿಯನ್ನೂ ತಣ್ಣನೆಯ ನೀರನ್ನೂ ತಂದರು. “ಕೂಡ್ರಿ ತಂಗಿ. ಎಷ್ಟೊತ್ತು ಬಿಸಿಲಾಗ ನಿಂದರ್ತೀರಿ?” ರಂಜನಿ ಉಸ್ಸಪ್ಪಾ ಎಂದು ಕೂತು, ನೀರು ಕುಡಿದು, ಅವರನ್ನು ನೋಡಿ ನಕ್ಕಳು.

ನಿರ್ದೇಶಕ ಚಿಟಿಕೆ ಹೊಡೆದ. “ಇವರು. ಇವರೇ ಗಂಡ.”

ಸಂಜೆ ಮಿನಿವ್ಯಾನ್ ಮನೆ ಕಡೆ ಹೊರಟಿತು. ಸೋಮವಾರದಿಂದ ಹೂಸ್ಟನ್‌ನಲ್ಲಿ ಶೂಟಿಂಗ್. ಚನ್ನವೀರಪ್ಪನವರಿಗೆ ಡೈಲಾಗ್ ಕಲಿಯುವುದಿದ್ದುದರಿಂದ ಅಲ್ಲಿಗೂ ಮಧ್ವೇಶನೇ ಡ್ರೈವ್ ಮಾಡುವುದೆಂದು ತೀರ್ಮಾನವಾಗಿತ್ತು. ಅವನಿಗೆ ಹೇಗೂ ಸಿನಿಮಾದಲ್ಲಿ ಬೇರೆ ಕೆಲಸವಿರಲಿಲ್ಲ. ರಂಜನಿಯೂ ಚನ್ನವೀರಪ್ಪನವರೂ ಹಿಂದಿನ ಸೀಟಿನಲ್ಲಿ ಅಭ್ಯಾಸಕ್ಕೆ ಕೂತರು. ತ್ರಿವೇಣಿ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು.

“ಅಲ್ರೀ, ಇನ್ನ ಆಕಿಗೆ ತಂಗಿ ಅನಬ್ಯಾಡ್ರಿ. ಪಾತ್ರ ಕೆಡ್ತದ,” ಎಂದು ಗಂಡನನ್ನು ತಿದ್ದಿದರು.

ವೇಕೋ ಹತ್ತಿರ ರಂಜನಿ ತುಂಬ ಮೆತ್ತಗಿನ ದನಿಯಲ್ಲಿ ಕೇಳಿದಳು. “ರೀ, ಇಷ್ಟು ದಿನ ಎಲ್ಲಿ ಹೋಗ್ಬಿಟ್ಟಿದ್ರಿ?”

ಮಧ್ವೇಶನ ಕಣ್ಣು ತುಂಬಿ ಬಂತು. “ಇಲ್ಲೇ ಇದೀನಲ್ಲೇ,” ಎಂದ.

“ನಿಮ್ಮನ್ನಲ್ಲ,” ಎಂದಳು ರಂಜನಿ. “ನೀವು ರಸ್ತೆ ನೋಡ್ಕೊಂಡು ಓಡ್ಸಿ.”