ಮೂರು ವರ್ಷದ ಗೋಲ್‌ಕೀಪರ್

ಎರಡೂ ಕಡೆಯವರನ್ನು ಕೇಳಿಯೇ ಬರೆಯಬೇಕು ಎನ್ನುವುದು ಪತ್ರಿಕೆಯ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ. ಮೂರನೆಯ ಕಡೆಯವನು ನಾನೇ ಆಗಿದ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಕಲಿಸಲಿಲ್ಲ. ಹೀಗಾಗಿ ಮೊದಲೇ ಹೇಳಿಬಿಡುತ್ತೇನೆ: ಶಲವಡಿಯ ನಮ್ಮ ಹಾಕಿ ತಂಡದ ಗೋಲ್‌ಕೀಪರ್ ನಾನೇ ಆಗಿದ್ದೆ. ವಯಸ್ಸು ಐವತ್ಮೂರು. ಆ ಜಾಗ ನನಗೆ ಸಿಕ್ಕದ್ದು ಪ್ರತಿಭೆಯಿಂದಲ್ಲ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಪ್ಯಾಡುಗಳು ಊರಿನಲ್ಲಿ ನನ್ನ ಕಾಲಿಗೆ ಮಾತ್ರ ಸರಿಹೊಂದಿದ್ದರಿಂದ.

ಕಡಲೆ ಕಿತ್ತ ಮೇಲೆ ಖಾಲಿಯಾಗುವ ಎರೆಹೊಲವೇ ನಮ್ಮ ಮೈದಾನ. ಬಿರುಕುಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿದರೆ ಆಯಿತು. ಅಲ್ಲಿ ಸುತ್ತಲಿನ ಊರುಗಳ ತಂಡಗಳು ಒಂದು ಢಾಲಿಗಾಗಿ, ಅಂದರೆ ಗೆದ್ದವರ ಶೀಲ್ಡಿಗಾಗಿ, ಸೆಣಸುತ್ತವೆ. ಹಿಂದಿನ ವರ್ಷ ನಾವು ಫೈನಲ್ ಸೋತೆವು. ಎರಡು ಗೋಲು, ಎರಡೂ ನನ್ನ ಕಾಲುಗಳ ನಡುವೆಯೇ ಹಾದುಹೋದವು. ನಮ್ಮ ಮುಂದಿನ ಸಾಲಿನ ಮೂವರು ಹುಡುಗರು ಮಾತ್ರ ಎಂಥ ಆಟಗಾರರೆಂದರೆ, ಅಂಥವರನ್ನು ಊರು ಮತ್ತೆ ಕಾಣುವುದು ಅನುಮಾನ. ಮೂವರೂ ಪೊಲೀಸ್ ನೇಮಕಾತಿಯಲ್ಲಿ ಪಾಸಾಗಿದ್ದರು. ಇನ್ನೊಂದು ಬೇಸಿಗೆ ಆಡಿ ತರಬೇತಿಗೆ ಹೊರಡುವವರಿದ್ದರು. ಢಾಲು ಬಂದರೆ ಆ ಸಲ, ಇಲ್ಲದಿದ್ದರೆ ಇಲ್ಲ.

ಆಗ ಕ್ಯಾಪ್ಟನ್ ಬಸು ಅಣ್ಣಿಗೇರಿಯ ಹುಸೇನಸಾಬರ ಹೆಸರು ಎತ್ತಿದ. ದೊಡ್ಡ ದೊಡ್ಡ ಮೈದಾನಗಳಲ್ಲಿ ಗೋಲು ಕಾಯ್ದವರು. ವಯಸ್ಸು ನಲವತ್ನಾಲ್ಕು, ಒಂದು ಮೊಣಕಾಲು ಆಗಲೇ ರಾಜೀನಾಮೆಯ ಮಾತಾಡುತ್ತಿತ್ತು. ಅವರು ಕೇಳಿದ್ದು ತಂಡದ ವರ್ಷದ ವಂತಿಗೆಯಷ್ಟೂ, ಮೇಲೆ ಪ್ರತಿ ಭಾನುವಾರದ ಊಟ. ಅದೂ ಮೂರು ವರ್ಷದ ಕರಾರು.

“ಕಾಕಾ, ನೀವು ಪೇಪರಿನವರು. ಲಾಭ ಏನು, ಲುಕ್ಸಾನ ಏನು, ಒಂದು ಟಿಪ್ಪಣಿ ಬರದ ಕೊಡ್ರಿ,” ಎಂದ ಬಸು. ನನ್ನ ಜಾಗ ಹೋಗುವ ಬಗ್ಗೆ ನನ್ನಿಂದಲೇ ವರದಿ! ಎರಡು ಪುಟ ಬರೆದೆ. ಒಂದೆಡೆ ಅನುಭವ, ಇನ್ನೊಂದೆಡೆ ಮೊಣಕಾಲು. ಒಂದೆಡೆ ಈ ವರ್ಷದ ಢಾಲು, ಇನ್ನೊಂದೆಡೆ ಹುಡುಗರು ಹೋದ ಮೇಲೂ ಉಳಿಯುವ ಎರಡು ವರ್ಷದ ಖರ್ಚು. ಎಷ್ಟು ನಿಷ್ಪಕ್ಷಪಾತವಾಗಿತ್ತೆಂದರೆ, ಬಸು ಎರಡು ಸಲ ಓದಿ ಕೇಳಿದ: “ಕಾಕಾ, ಅವರನ್ನ ಕರೀಬೇಕೋ ಬ್ಯಾಡೋ?”

ಒಂದೇ ವರ್ಷಕ್ಕೆ ಮಾಡೋಣವೆಂದು ನಾನೇ ದಾರಿ ಹುಡುಕಿದೆ. ಹುಸೇನಸಾಬರು ಚಹಾ ಕೆಳಗಿಟ್ಟು ಮೆಲ್ಲಗೆ ಹೇಳಿದರು: “ಒಂದು ವರ್ಷಕ್ಕಂದ್ರ ನಾನು ಬರೇ ಕೂಲಿಯವ್ರಿ. ಮೂರು ವರ್ಷ ಅಂದ್ರ ನಂದೂ ಒಂದು ಟೀಮ್ ಐತಿ ಅಂತ ಹೇಳ್ಕೋಬಹುದು.” ಆ ಮಾತಿಗೆ ನನ್ನ ಟಿಪ್ಪಣಿಯಲ್ಲಿ ಯಾವ ಕಡೆಗೂ ಜಾಗವಿರಲಿಲ್ಲ. ಆದರೂ ಅವರು ಒಪ್ಪಿದರು. ಕರಾರು ಬರೆದವನು ನಾನು. ನಮ್ಮಲ್ಲಿ ಹೊಲದ ಲಾವಣಿ, ಅಂದರೆ ಗುತ್ತಿಗೆ, ಯುಗಾದಿಯಿಂದ ಯುಗಾದಿಗೆ. ಕೈ ರೂಢಿ ಬಿಡಲಿಲ್ಲ: “ಬರುವ ಯುಗಾದಿಗೆ ಮುಕ್ತಾಯ” ಎಂದು ಬರೆದೆ. ಫೈನಲ್ ಹೇಗೂ ಯುಗಾದಿಗೆ ಮೊದಲೇ ಮುಗಿಯುತ್ತಿತ್ತಲ್ಲ.

ಅವರು ಬಂದ ಮೇಲೆ ನಮ್ಮ ಗೋಲಿನೊಳಗೆ ಚೆಂಡು ಕಂಡದ್ದು ಅಪರೂಪ. ನಾನು ಗೆರೆಯಾಚೆ ಕುಳಿತು ವರದಿ ಬರೆದೆ. ಸೆಮಿಫೈನಲ್ ಗೆದ್ದೆವು. ಫೈನಲ್ಲಿನ ಮುನ್ನಾ ದಿನ ಅಕಾಲದ ಮಳೆ ಬಿತ್ತು. ಎರೆಮಣ್ಣಿಗೆ ಒಂದು ಮಳೆ ಬಿದ್ದರೆ ಚಪ್ಪಲಿಯೇ ಕಾಲಿನ ಜೊತೆ ಎದ್ದು ಬರುವುದಿಲ್ಲ, ಇನ್ನು ಹಾಕಿ ಎಲ್ಲಿ? ಪಂದ್ಯ ಒಂದು ವಾರ ಮುಂದಕ್ಕೆ ಹೋಯಿತು. ನಡುವೆ ಯುಗಾದಿ ಬಂದು ಬೇವು-ಬೆಲ್ಲ ಹಂಚಿ ಹೋಯಿತು.

ಫೈನಲ್ಲಿನ ಹಿಂದಿನ ದಿನ ಹುಸೇನಸಾಬರು ಸಿಟ್ಟಿಲ್ಲದೆ ಕರಾರಿನ ಆ ಸಾಲು ತೋರಿಸಿದರು. “ನೀವ ಬರದೀರಲ್ರಿ ಸರ್. ನಂದು ಮುಗೀತು. ಮೂರು ವರ್ಷ ಅಂದ್ರ ಕಿಟ್ ತರ್ತೀನಿ,” ಎಂದರು. ಬಸು ನನ್ನತ್ತ ತಿರುಗಿದ. “ಇಲ್ಲಾಂದ್ರ ನಾಳೆ ನೀವ ನಿಲ್ತೀರೇನ್ರಿ, ಕಾಕಾ?” ಹನ್ನೊಂದು ಮಂದಿಯಲ್ಲಿ ಒಬ್ಬನೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ನನ್ನ ಕಾಲುಗಳನ್ನೇ ನೋಡಿದರು. ನಾನು ಪೆನ್ನು ತೆಗೆದೆ.

ಮರುದಿನ ಹುಸೇನಸಾಬರು ಮೂರು ಪೆನಾಲ್ಟಿ ಕಾರ್ನರ್ ತಡೆದರು. ಒಂದಕ್ಕೆ ಆ ಕೆಟ್ಟ ಮೊಣಕಾಲನ್ನೇ ಅಡ್ಡ ಕೊಟ್ಟರು. ಢಾಲು ಬಂತು. ಹುಡುಗರು ತರಬೇತಿಗೆ ಹೋದರು. ಕರಾರು ಉಳಿಯಿತು, ಅದರಲ್ಲಿನ ಭಾನುವಾರದ ಊಟವೂ. ಆ ಊಟ ಯಾರ ಮನೆಯಲ್ಲಿ ಎಂದು ನಾನು ಬರೆದಿರಲಿಲ್ಲ. ಬರೆದವನ ಮನೆಯಲ್ಲಿ ಎಂದು ಎಲ್ಲರೂ ತಿಳಿದುಕೊಂಡಿದ್ದರು. “ಗೋಲು ಬಿಟ್ಟುಕೊಟ್ಟವರು ನೀವು,” ಎಂದಳು ನನ್ನ ಹೆಂಡತಿ ಶಾಂತಾ, “ರೊಟ್ಟಿ ಬಡಿಯಾಕಿ ನಾನು. ಅದೂ ಮೂರು ವರ್ಷ.”

ಈಗಲೂ ಭಾನುವಾರ ಹನ್ನೊಂದರ ಬಸ್ಸಿಗೆ ಹುಸೇನಸಾಬರು ಇಳಿಯುತ್ತಾರೆ. ಹೊಸ ತಂಡ ಎಲ್ಲರಿಗೂ ಸೋಲುತ್ತಿದೆ. ಆದರೆ ದಾರಿಯಲ್ಲಿ ಯಾರಾದರೂ ಎಲ್ಲಿಗೆಂದು ಕೇಳಿದರೆ, “ನಮ್ಮ ಟೀಮ್ ಕಡೆ,” ಎನ್ನುತ್ತಾರೆ. ಆಗ ಆ ಖರ್ಚು ಅಷ್ಟೇನೂ ಹೆಚ್ಚಲ್ಲ ಎನಿಸುತ್ತದೆ. ಮೊನ್ನೆ ನಾನು ಅಟ್ಟದಿಂದ ಹಳೆಯ ಪ್ಯಾಡುಗಳನ್ನು ಇಳಿಸಿ ಬಿಸಿಲಿಗೆ ಹಾಕಿದ್ದನ್ನು ಶಾಂತಾ ನೋಡಿದಳು. “ಇವ್ಯಾಕ?” ಎಂದಳು. ಕರಾರು ಮುಗಿಯುವ ಹೊತ್ತಿಗೆ ಹುಸೇನಸಾಬರಿಗೆ ನಲವತ್ತೇಳಾಗುತ್ತದೆ, ಆ ವಯಸ್ಸಿನವರನ್ನು ತಂಡ ಎಷ್ಟೆಂದು ನೆಚ್ಚಿಕೊಳ್ಳಬೇಕು ಎಂದೆ. ನನಗೆ ಆಗ ಐವತ್ತಾರು ಎಂದು ಅವಳು ಹೇಳಲಿಲ್ಲ. ಪ್ಯಾಡಿನ ಇನ್ನೊಂದು ಮಗ್ಗುಲನ್ನು ಬಿಸಿಲಿಗೆ ತಿರುಗಿಸಿ ಒಳಗೆ ಹೋದಳು.