ಬಕೆಟ್ಟಿನ ಹೀರೇಬಳ್ಳಿಗೆ ಗೋಧೂಳಿ ಲಗ್ನ

ಮದುವೆಯೇ ಆಗದ ನಮ್ಮ ಭಾವನವರು ಮಿಶಿಗನ್ನಿನ ಡಿಯರ್‌ಬಾರ್ನಿನ ಐದನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಮದುವೆ ಮಾಡಿಸಿದರು ಎಂದರೆ ನೀವು ನಂಬುವುದಿಲ್ಲ. ಜರತಾರಿ ಸೀರೆ ಉಟ್ಟು ಹೆಣ್ಣಿನ ಕಡೆಯವಳಾಗಿ ಹೋಗಿದ್ದವಳು ನಾನೇ! ಹೆಣ್ಣು ಹೀರೇಹೂವು. ಗಂಡೂ ಹೀರೇಹೂವೇ, ಅದೇ ಬಳ್ಳಿಯದು. ಸಗೋತ್ರವಲ್ಲವೇ ಎಂದು ನೀವು ಕೇಳುವ ಮೊದಲೇ ನಾನು ಕೇಳಿದ್ದೆ. "ಅಮೆರಿಕಾದಲ್ಲಿ ಅದನ್ನೆಲ್ಲ ಯಾರು ನೋಡ್ತಾರಮ್ಮ?" ಎಂದರು.

ಇದು ಎಪ್ಪತ್ತರ ದಶಕದ ಮಾತು. ಭಾವನವರೆಂದರೆ ನಮ್ಮ ಯಜಮಾನರ ಅಣ್ಣ, ಕಾರು ಕಂಪನಿಯಲ್ಲಿ ಎಂಜಿನಿಯರು. ಯಾವ ಎಂಜಿನ್ನನ್ನು ಕೊಟ್ಟರೂ ಬಿಚ್ಚಿ ಜೋಡಿಸಬಲ್ಲರು. ಆದರೆ ಹುಟ್ಟಿದಾಗಿನಿಂದ ಒಂದು ತುಳಸಿಗೂ ನೀರು ಹಾಕಿದವರಲ್ಲ. ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಒಂದು ಚಳಿಗಾಲದ ಭಾನುವಾರ ಸಾರನ್ನ ಕಲೆಸುತ್ತ, "ಈ ದೇಶ ಸಾಕು ಕಣೋ. ಮೈಸೂರಿಗೆ ಹೊರಟುಬಿಡ್ತೀನಿ" ಎಂದರು.

"ಅಲ್ಲಿ ಯಾರಿದಾರೆ ಅಣ್ಣ?" ಎಂದರು ಇವರು.

"ಇಲ್ಲಿ ಯಾರಿದಾರೆ?"

ನಾನು ತುಪ್ಪ ಬಡಿಸಿದೆ. ಆಮೇಲೆ ಭಾವನವರೇ ಒಂದು ಪಂದ್ಯ ಕಟ್ಟಿದರು. ಬಾಲ್ಕನಿಯಲ್ಲಿ ಹೀರೇಕಾಯಿ ಬೆಳೆಯುತ್ತೇನೆ. ಒಂದೇ ಒಂದು ಕಾಯಿ ಬಿಟ್ಟರೂ ಇರುತ್ತೇನೆ, ಬಿಡದಿದ್ದರೆ ಮುಂದಿನ ಹಿಮ ಬೀಳುವುದರೊಳಗೆ ರಾಜೀನಾಮೆ!

ಇವರಿಗೆ ನಗು. "ಅಷ್ಟಕ್ಕೆ ಬೇಕಾದ್ರೆ ಶಿಕಾಗೋಗೆ ಡ್ರೈವ್ ಮಾಡೋಣ ಬಿಡಣ್ಣ, ಡೆವನ್ ಅವೆನ್ಯೂನ ಇಂಡಿಯನ್ ಅಂಗಡೀಲಿ ಹೀರೇಕಾಯಿ ಸಿಗುತ್ತೆ."

"ಕೊಂಡು ತಂದ ಕಾಯಿಗೆ ನನ್ನ ಗುರುತಿರುತ್ತೇನೋ?"

ನಾನು ನಗಲಿಲ್ಲ. ಇವರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಗುಯ್‌ಗುಟ್ಟುವಿಕೆ ಒಂದೇ. ಮಕ್ಕಳು ಬಂದರೂ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಇವರೋ, ಪೇಪರಿನ ಹಿಂದಿನಿಂದ 'ಹೂಂ' ಎನ್ನುವವರು. ಭಾನುವಾರದ ಭಾವನವರೂ ಹೊರಟುಹೋದರೆ ನನ್ನ ಗತಿ? ಆ ಕಾಯಿ ಬಿಡಲೇಬೇಕಿತ್ತು!

ಬಿತ್ತನೆಗೆ ಭಾವನವರು ಮುಹೂರ್ತ ನೋಡಿದ್ದು ಮೈಸೂರಿನಿಂದ ತರಿಸಿದ ಪಂಚಾಂಗದಲ್ಲಿ. ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಐಸ್‌ಕ್ರೀಂ ಅಂಗಡಿಯವನು ಕೊಟ್ಟ ದೊಡ್ಡ ಬಕೆಟ್ಟಿಗೆ ಮಣ್ಣು ತುಂಬಿ ಬೀಜ ಊರಿದರು. ಪಂಚಾಂಗ ಬರೆದವರಿಗೆ ಮಿಶಿಗನ್ನಿನ ಸುದ್ದಿ ಗೊತ್ತಿತ್ತೇ? ಮರುದಿನವೇ ಮೊಣಕಾಲುದ್ದ ಹಿಮ! ಬಕೆಟ್ಟನ್ನು ಒಳಗೆ ತಂದು, ಹೀಟರಿನ ಪಕ್ಕ ಇಟ್ಟು, ತಮ್ಮ ಮಂಕಿ ಕ್ಯಾಪನ್ನು ಅದಕ್ಕೆ ತೊಡಿಸಿದರು. ಆ ಭಾನುವಾರ ಬರಿತಲೆಯಲ್ಲಿ ಸೀನುತ್ತ ಊಟಕ್ಕೆ ಬಂದರು.

ಮೊಳಕೆ ಬಂತು. ಎರಡೆಲೆ ಬಿಟ್ಟಿತು, ಹಳದಿಯಾಯಿತು, ಕೊಳೆಯಿತು. "ಬಕೆಟ್ಟಿನ ತಳಕ್ಕೆ ತೂತು ಬೇಕು ಭಾವ, ನೀರು ಇಳಿದುಹೋಗಬೇಕು" ಎಂದರೆ ಎಂಜಿನಿಯರಿಗೆ ಸಿಟ್ಟು.

"ಸೋರದ ಹಾಗೆ ಟ್ಯಾಂಕ್ ಮಾಡೋದು ನನ್ನ ಕೆಲಸ. ನನ್ನ ಕೈಯಾರೆ ತೂತು ಕೊರೀಲಾ?"

ಎರಡನೇ ಸಲವೂ ಕೊಳೆತ ಮೇಲೆ ಕೊರೆದರು. ಹೇಗೆ ಅಂತೀರಿ? ಬಕೆಟ್ಟು ಜರಡಿಯಾಯಿತು! ಮೇ ಕೊನೆಗೆ ಮೂರನೆಯ ಬಿತ್ತನೆ. ಈ ಸಲ ಬಳ್ಳಿ ಜೋರಾಗಿ ಬಾಲ್ಕನಿಯ ಕಂಬಿ ಹಿಡಿಯಿತು. ಆಗಸ್ಟಿನಲ್ಲಿ ಹೂವೂ ಬಂತು. ಆದರೆ ಬೆನ್ನಿಗೆ ಎಳೇ ಹೀಚು ಕಟ್ಟಿಕೊಂಡ ಹೆಣ್ಣುಹೂವುಗಳೆಲ್ಲ ಒಂದೊಂದಾಗಿ ಉದುರತೊಡಗಿದವು. ಭಾವನವರು ಊಟ ಅರ್ಧಕ್ಕೇ ಬಿಟ್ಟು ಏಳುವಂತಾದರು. ನಾನು ದೇವರಿಗೆ ಹೆಚ್ಚಿಗೆ ಒಂದು ದೀಪ ಹಚ್ಚತೊಡಗಿದೆ.

ದಾರಿ ತೋರಿದ್ದು ಕೆಳಗಿನ ಮನೆಯ ಮುದುಕಿ. ಬಳ್ಳಿಗೆ ಸುರಿದ ಅಕ್ಕಿ ತೊಳೆದ ನೀರೆಲ್ಲ ತೂತಿನಿಂದಿಳಿದು ಆಕೆಯ ತಲೆಗೇ ಅಭಿಷೇಕವಾಗುತ್ತಿತ್ತು. ಜಗಳಕ್ಕೆಂದು ಮೇಲೆ ಬಂದವರು ಬಳ್ಳಿ ನೋಡಿ ಮೆತ್ತಗಾದರಂತೆ. "ಇಷ್ಟೆತ್ತರಕ್ಕೆ ಜೇನುಹುಳ ಎಲ್ಲಿ ಬರುತ್ತೆ? ಗಂಡುಹೂವು ಕಿತ್ತು ಹೆಣ್ಣುಹೂವಿಗೆ ನೀವೇ ಮುಟ್ಟಿಸಬೇಕು" ಎಂದು ಹೇಳಿಕೊಟ್ಟು ಹೋದರಂತೆ.

ಭಾವನವರು ತಕ್ಷಣ ನನಗೆ ಫೋನ್ ಮಾಡಿದರು. "ಶನಿವಾರ ಬಂದುಬಿಡಿ. ಹೀರೇಹೂವು ಅರಳೋದೇ ಸಂಜೆ. ಗೋಧೂಳಿ ಲಗ್ನ!"

ಕೋಸಂಬರಿ ಮಾಡಿ ಒಯ್ದೆ. ಕೆಳಗಿನ ಮುದುಕಿ ಗಂಡಿನ ಕಡೆ. ಭಾವನವರು ಪಂಚೆ ಉಟ್ಟು, ಗಂಡುಹೂವಿನ ದಳ ಬಿಡಿಸಿ, ಹೆಣ್ಣುಹೂವಿಗೆ ಮುಟ್ಟಿಸಿದರು. ಇವರು ಬಾಯಲ್ಲೇ ವಾಲಗ ಊದಿದರು. ನಾವೆಲ್ಲ ಅಕ್ಷತೆ ಹಾಕಿದೆವು. ಅರ್ಧ ಅಕ್ಕಿ ಕೆಳಗಿನ ಬಾಲ್ಕನಿಗೆ ಬಿತ್ತು. ಬೀಗಿತ್ತಿ ಅಂದು ಬಯ್ಯಲಿಲ್ಲ.

ಒಂದೇ ಒಂದು ಕಾಯಿ ನಿಂತಿತು. ಗೇಣುದ್ದವಾಯಿತು. ರಾಜೀನಾಮೆಯ ಮಾತು ನಿಂತಿತು. "ಕಡಲೆಹಿಟ್ಟು ತಂದಿಟ್ಟಿದೀನಿ ಭಾವ, ಬಜ್ಜಿ ಯಾವಾಗ?" ಎಂದರೆ "ಮುಂದಿನ ವಾರ" ಎನ್ನುವರು. ಮುಂದಿನ ವಾರವೂ ಮುಂದಿನ ವಾರವೇ. ಕಾಯಿ ಬಲಿತು ಮರದ ಕೊರಡಾಯಿತು.

"ಇನ್ನೇನು, ಬೆನ್ನುಜ್ಜೋಕೆ ಆಯ್ತು ಅಷ್ಟೆ!" ಎಂದು ಇವರು ಛೇಡಿಸಿದರು.

ಭಾವನವರು ಮಜ್ಜಿಗೆ ಅನ್ನದಿಂದ ತಲೆ ಎತ್ತಲಿಲ್ಲ. "ಆಫೀಸಿಂದ ಬಂದು ಬಾಗಿಲು ತೆಗೆದ್ರೆ ಯಾರೋ ಇದಾರೆ ಅನ್ಸುತ್ತೆ ಕಣೋ. ಮನೇಲಿರೋರನ್ನ ಹೇಗೆ ಹೆಚ್ಚಿ ಬಜ್ಜಿ ಮಾಡೋದು?"

ಎಲ್ಲರೂ ನಕ್ಕೆವು. ಅವರೂ ನಕ್ಕರು.

ಅಕ್ಟೋಬರಿನಲ್ಲಿ ಕಂಪನಿ ಅವರನ್ನು ಒಂದು ವಾರ ಶಿಕಾಗೋ ಹತ್ತಿರದ ಓಕ್ ಬ್ರೂಕಿಗೆ ಕಳಿಸಿತು. ಬೀಗದ ಕೈ ನನಗೆ ಕೊಟ್ಟು, "ನೀರು ಹಾಕಿ ಹಾಗೇ ಓಡಿಬರಬೇಡಮ್ಮ, ಎರಡು ಮಾತಾಡು" ಎಂದರು. ಅಲ್ಲ, ಭಾವನವರಿಗೇನು ಹುಚ್ಚೇ?

ಸಂಜೆ ಇವರು ನನ್ನನ್ನು ಅಲ್ಲಿಳಿಸಿ ಕಾರಿಗೆ ಪೆಟ್ರೋಲು ಹಾಕಿಸಲು ಹೋದರು. ಚಳಿಗೆಂದು ಬಳ್ಳಿಯನ್ನು ಕಂಬಿಯಿಂದ ಬಿಡಿಸಿ, ಕಾಯಿ ಸಮೇತ ಬಕೆಟ್ಟನ್ನು ಒಳಗೆ ತಂದಿಟ್ಟಿದ್ದರು. ಕಿಟಕಿಯ ಪಕ್ಕ ಅದು, ಅದಕ್ಕೆ ಎದುರಾಗಿ ಆ ಮನೆಯ ಒಂದೇ ಕುರ್ಚಿ. ನೀರು ಹಾಕಿದೆ. ಹೊರಡುವವಳು ಕಾಯಿಯನ್ನು "ಊಟ ಆಯ್ತಾ?" ಎಂದೆ, ತಮಾಷೆಗೆ. ಆಮೇಲೆ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆ ಹಾಲು ಉಕ್ಕಿದ್ದು, ಮಗಳು ಡಬ್ಬಿಯ ಉಪ್ಪಿಟ್ಟನ್ನು ಶಾಲೆಯಲ್ಲಿ ಬಿಸಾಡಿ ಬಂದದ್ದು, ಎದುರುಮನೆಯಾಕೆ ಹಲೋ ಎಂದಾಗ ನಾನು ಇಂಗ್ಲಿಷು ಹುಡುಕುವಷ್ಟರಲ್ಲಿ ಹೊರಟೇ ಹೋದದ್ದು, ಎಲ್ಲ ಹೇಳಿದೆ. ಕಾಯಿ ಪೇಪರು ಓದಲಿಲ್ಲ. ಕೆಳಗೆ ಹಾರ್ನ್ ಎಷ್ಟು ಸಲ ಆಯಿತೋ! ಬಾಗಿಲಲ್ಲಿ "ಹೋಗ್ಬರ್ತೀನಿ" ಎಂದೆ.

"ಒಂದು ಬಳ್ಳಿಗೆ ನೀರು ಹಾಕೋಕೆ ಇಷ್ಟು ಹೊತ್ತಾ?" ಎಂದರು ಇವರು, ಕಾರು ತಿರುಗಿಸುತ್ತ.

"ಮಣ್ಣು ತುಂಬ ಒಣಗಿತ್ತು ರೀ. ನಾಳೇನೂ ಕರ್ಕೊಂಡು ಬರಬೇಕು" ಎಂದೆ.

ಮಣ್ಣು ಒದ್ದೆಯಾಗಿಯೇ ಇತ್ತು.