ಸುರಂಗದಲ್ಲಿ ನನ್ನ ಹೆಸರು

ಎಲ್ಲಾದರೂ ತನ್ನ ಹೆಸರು ಬರೆಸಿಡಬೇಕೆಂಬ ಆಸೆ ಇಲ್ಲದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಕೈಲಾದವರು ಶಾಲೆಯ ಕೊಠಡಿಗೆ ಬರೆಸುತ್ತಾರೆ, ಅಷ್ಟು ಕೈಲಾಗದವರು ಬಸ್ ನಿಲ್ದಾಣದ ಕಲ್ಲುಬೆಂಚಿಗೆ, ಏನೂ ಕೈಲಾಗದ ನನ್ನಂಥವರು ಮದುವೆಗೆ ಉಡುಗೊರೆ ಕೊಡುವ ಸ್ಟೀಲ್ ಪಾತ್ರೆಗೆ. ಪಾತ್ರೆ ಅಂಗಡಿಯವನು ಪೆನ್ನಿನಂಥ ಮಷೀನು ಹಿಡಿದು ಗಿರ್ ಎಂದು ಇಂಥವರಿಗೆ ಇಂಥವರಿಂದ ಎಂದು ಕೊರೆದುಕೊಡುತ್ತಾನೆ. ಈ ಏರ್ಪಾಟಿನಲ್ಲಿರುವ ಅನ್ಯಾಯ ನನಗೆ ಅರ್ಥವಾದದ್ದು ಬಹಳ ತಡವಾಗಿ. ನನ್ನ ಹೆಸರಿರುವ ಪಾತ್ರೆಗಳೆಲ್ಲ ಗೌರಿಬಿದನೂರಿನ ಯಾರ್‍ಯಾರದೋ ಅಟ್ಟದ ಮೇಲಿವೆ. ನನ್ನ ಮನೆಯಲ್ಲಿ ನಾನು ದಿನಾ ನೀರು ಕುಡಿಯುವ ಚೊಂಬಿನ ಮೇಲೆ ಹೆಂಡತಿಯ ಸೋದರಮಾವ ಪಿಳ್ಳಪ್ಪನವರ ಹೆಸರಿದೆ. ಅದನ್ನು ಓದದೆ ಒಂದು ಗುಟುಕೂ ಒಳಗಿಳಿಯುವುದಿಲ್ಲ, ಈಗಂತೂ ಓದಿದಾಗಲೆಲ್ಲ ನೀರು ಅರ್ಧಕ್ಕೇ ಬಿಟ್ಟು ಚೊಂಬು ಕೆಳಗಿಡುತ್ತೇನೆ. ಯಾಕೆಂದು ಹೇಳಿಬಿಡುತ್ತೇನೆ.

ನಾನು ಈಗ ಊರಿನ ಒಂದು ಸಿಮೆಂಟ್ ಅಂಗಡಿಯಲ್ಲಿದ್ದೇನೆ. ಅದಕ್ಕೂ ಮೊದಲು, ಬೆಂಗಳೂರಿನಲ್ಲಿ ನೆಲದಡಿ ಮೆಟ್ರೊ ಕೊರೆಯುತ್ತಿದ್ದಾಗ, ಸುರಂಗಕ್ಕೆ ಬೇಕಾದ ಕಾಂಕ್ರೀಟ್ ತುಂಡುಗಳನ್ನು ಎರಕ ಹೊಯ್ಯುವ ಯಾರ್ಡಿನಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಸುರಂಗವೆಂದರೆ ಹೆಗ್ಗಣ ತೋಡಿದ ಬಿಲವಲ್ಲ. ಯಂತ್ರ ಮುಂದೆ ಮುಂದೆ ಕೊರೆಯುತ್ತಾ ಹೋದಂತೆ ಹಿಂದಿನಿಂದ ಬಾಗಿದ ತುಂಡುಗಳನ್ನು ಸುತ್ತಲೂ ಜೋಡಿಸಿ ಬೋಲ್ಟು ಹಾಕಿ ಬಳೆ ಮಾಡಬೇಕು. ಬಳೆಯ ಪಕ್ಕ ಬಳೆ, ಹಾಗೆ ಸಾವಿರಾರು. ಆ ತುಂಡುಗಳು ತಯಾರಾಗುತ್ತಿದ್ದ ಜಾಗದಲ್ಲಿ ನಾನಿದ್ದೆ. ಏನಾಗಿದ್ದೆ ಎಂದರೆ, ಸ್ಟೋರ್ ಕೀಪರ್. ಕೆಲಸದವರಿಗೆ ಗಮ್‌ಬೂಟು ಮತ್ತು ಕೈಗವಸು ಕೊಡುವುದು, ಹರಿದದ್ದನ್ನು ವಾಪಸ್ ಪಡೆಯುವುದು, ಇಷ್ಟು ಬೇಗ ಹೇಗೆ ಹರಿಯಿತು ಎಂದು ಗದರುವುದು. ಭಾರತದ ಸುರಂಗ ವಿಜ್ಞಾನಕ್ಕೆ ನನ್ನ ಕಾಣಿಕೆ ಅಷ್ಟೇ.

ಆದರೆ ಪಿಳ್ಳಪ್ಪ ಮಾವ ನನ್ನನ್ನು ನೋಡಲು ಬಂದಾಗ ಗಮ್‌ಬೂಟಿನ ಮಾತು ಬರಲಿಲ್ಲ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರು. ಮೆಟ್ರೊ ಸುರಂಗದ ಕೆಲಸ ಎಂದೆ. ಅವರ ಕಣ್ಣು ಅರಳಿತು. ನಂದಿಯ ಸುತ್ತಮುತ್ತ ಸೇದುವ ಬಾವಿಗಳಿಗೆ ಕಲ್ಲು ಕಟ್ಟುವುದೇ ಅವರ ಕಸುಬಾಗಿತ್ತು. ತಾಯಿಯಿಲ್ಲದ ತಂಗಿಮಗಳು ಮಂಜುಳಳನ್ನು ಸಾಕಿದವರು ಅವರೇ. ಎಷ್ಟಡಿ ಕೆಳಗೆ, ಒಸರಿ ಬರುವ ಊಟೆ ನೀರನ್ನು ಹೇಗೆ ತಡೆಯುತ್ತೀರಿ ಎಂದು ಕೇಳಿದರೇ ಹೊರತು ಸಂಬಳ ಕೇಳಲಿಲ್ಲ. ನಾನು ಸ್ಟೋರಿನಲ್ಲಿ ಕುಳಿತು ಕೇಳಿಸಿಕೊಂಡಿದ್ದ ಹತ್ತು ಪದಗಳನ್ನು ಹಿಂದುಮುಂದು ಮಾಡಿ ಒಪ್ಪಿಸಿದೆ. ಮದುವೆ ಆಯಿತು. ಅಂದಿನಿಂದ ಹನ್ನೆರಡು ವರ್ಷ ಯಾವ ನಾಮಕರಣ, ಯಾವ ಗೃಹಪ್ರವೇಶಕ್ಕೆ ಹೋದರೂ ಮಾವ ನನ್ನ ಹೆಗಲ ಮೇಲೆ ಕೈಹಾಕಿ, ಸುರಂಗ ಕಟ್ಟಿದ ನಮ್ಮ ಅಳಿಯ ಎಂದೇ ಪರಿಚಯ ಮಾಡಿಸುತ್ತಿದ್ದರು. ತಾಲ್ಲೂಕು ಕಚೇರಿಯ ಜವಾನನೂ ನನಗೆ ಕುರ್ಚಿ ತೋರಿಸುವುದಿಲ್ಲ. ಇಡೀ ಪ್ರಪಂಚದಲ್ಲಿ ನನ್ನನ್ನು ದೊಡ್ಡ ಮನುಷ್ಯ ಎಂದು ನಂಬಿದ್ದವರು ಅವರೊಬ್ಬರೇ. ಅವರನ್ನು ತಿದ್ದಲು ನನಗೆ ಯಾವತ್ತೂ ಮನಸ್ಸು ಬರಲಿಲ್ಲ.

ನನ್ನ ಹತ್ತಿರ ಇನ್ನೊಂದು ಬಂಡವಾಳವೂ ಇತ್ತು. ಯಾರ್ಡಿನ ಕೆಲಸದಿಂದ ಬಿಡಿಸಿದ ದಿನ, ಇಲ್ಲಿ ನನ್ನ ಗುರುತು ಇರಲೇಬೇಕು ಎಂದುಕೊಂಡು ಆಗತಾನೇ ಎರಕ ಹೊಯ್ದ ಹಸಿ ತುಂಡಿನ ಮೇಲೆ ಒಂದು ಮೊಳೆಯಿಂದ ಜಿ. ಎನ್. ಗಂಗರಾಜು, ಗೌರಿಬಿದನೂರು ಎಂದು ದಪ್ಪಗೆ ಬರೆದೆ. ಕರಣೆ ಹಿಡಿದು ಮೈ ನುಣುಪು ಮಾಡುತ್ತಿದ್ದ ಒಡಿಶಾದ ಕೆಲಸಗಾರ ನಗುತ್ತಾ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅದನ್ನು ಅಳಿಸಲೂ ಇಲ್ಲ. ಅದು ನನ್ನ ಮೇಲಿನ ಗೌರವ ಎಂದು ತಿಳಿದೆ. ಆಮೇಲೆ ಸುರಂಗದಲ್ಲಿ ನನ್ನ ಹೆಸರಿದೆ ಎಂದು ಹೇಳಿಕೊಳ್ಳದ ಮನೆ ನಮ್ಮ ಬೀದಿಯಲ್ಲಿಲ್ಲ. ಈ ಮಾತು ಮಾವನಿಗೆ ತುಂಬಾ ಹಿಡಿಸಿತ್ತು. ಅವರೂ ಬಾವಿ ಮುಗಿಸಿದ ಮೇಲೆ ಒಳಗಿಳಿಯಲು ಗೋಡೆಯಿಂದ ಚಾಚಿಟ್ಟ ಕೊನೆಯ ಮೆಟ್ಟಿಲುಗಲ್ಲಿನ ಮೇಲೆ ಒಂದು ಉಳಿಯ ಚಿತ್ರ ಕೆತ್ತುತ್ತಿದ್ದರಂತೆ. ಕಟ್ಟಿದವನು ಇಷ್ಟಾದರೂ ಮಾಡಬೇಕು ಎನ್ನುತ್ತಿದ್ದರು.

ಹೋದ ಸಂಕ್ರಾಂತಿ ಕಳೆದ ಮೇಲೆ ಮಾವ ಗೌರಿಬಿದನೂರಿಗೇ ಬಂದು ಕುಳಿತರು. ಮಂಡಿ ಇನ್ನೂ ಬಗ್ಗುತ್ತಿರುವಾಗಲೇ ಅಳಿಯನ ಹೆಸರು ನೋಡಿ ಬರಬೇಕಂತೆ. ನನಗೆ ಭಯವೇನೂ ಇರಲಿಲ್ಲ. ರೈಲು ಕತ್ತಲಲ್ಲಿ ಓಡುತ್ತದೆ, ಯಾವುದೋ ಒಂದು ಕಡೆ ಬೆರಳು ತೋರಿಸಿದರಾಯಿತು ಎಂದು ಧೈರ್ಯವಾಗಿ ಹೊರಟೆ. ಬೆಳಗಿನ ಪ್ಯಾಸೆಂಜರಿನಲ್ಲಿ ಮಾವ, ಮಂಜುಳ, ನಾನು ಮೂವರೂ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಲ್ಲಿ ಭೂಮಿಯೊಳಗೆ ಇಳಿದೆವು.

ಬಾಗಿಲ ಹತ್ತಿರ ಹೊಳೆಯುವ ಕಪ್ಪು ಕಲ್ಲಿನಲ್ಲಿ ಉದ್ಘಾಟನೆ ಮಾಡಿದವರ ಹೆಸರುಗಳನ್ನು ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೆತ್ತಿದ್ದರು. ಮಾವ ನಿಂತು ಪೂರ್ತಿ ಓದಿ, ಇದರಲ್ಲಿ ನಿನ್ನ ಹೆಸರು ಯಾಕಿಲ್ಲ ಎಂದು ಕೇಳಿದರು. ಗಮ್‌ಬೂಟು ಹಾಕಿ ಕೆಳಗಿಳಿದವರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ ಎಂದು ನಾನು ತಣ್ಣಗೆ ಹೇಳಿದೆ. ಯಾರು ಯಾವ ಬೂಟು ಹಾಕಿದ್ದರೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಎಸ್ಕಲೇಟರಿನಲ್ಲಿ ಇಳಿಯುವಾಗ ನನ್ನ ಪ್ರವಚನ ಶುರುವಾಯಿತು. ಒಂದು ಲೈನಿನ ಕೆಳಗೆ ಇನ್ನೊಂದು ಲೈನು ಅಡ್ಡ ಹಾಯುವ ಸೋಜಿಗ, ತಲೆಯ ಮೇಲಿರುವ ಅಷ್ಟೂ ಮಣ್ಣನ್ನು ಹೊತ್ತ ಕಂಬಗಳ ದಪ್ಪ, ರೈಲು ಕಾಣುವ ಮುಂಚೆಯೇ ಸುರಂಗದಿಂದ ನುಗ್ಗಿ ಬರುವ ಗಾಳಿ, ಎಲ್ಲವನ್ನೂ ನಾನೇ ಹುಟ್ಟಿಸಿದವನಂತೆ ವಿವರಿಸಿದೆ. ಮಾವ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು, ಇದು ಮೇಲೆ ಹೊದಿಸಿರುವುದು, ಕಟ್ಟಿದ ಗೋಡೆ ಇದರ ಹಿಂದಿದೆ ಎಂದರು. ಅದು ನನಗೆ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದೆ.

ಪ್ಲಾಟ್‌ಫಾರಂ ತುದಿಗೆ ಹೋದಾಗ ಸುರಂಗದ ಬಾಯಿ ಕಾಣಿಸಿತು. ಮಾವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಹಳದಿ ಗೆರೆ ದಾಟುತ್ತಿದ್ದಾರೆಂದು ಕಾವಲಿನವನು ಸೀಟಿ ಊದಿದ. ಅವರಿಗೆ ಕೇಳಿಸಿದಂತೆ ತೋರಲಿಲ್ಲ. "ಇದು ಮಲಗಿಸಿರೋ ಬಾವಿ ಕಣಪ್ಪ," ಎಂದರು. "ಸುತ್ತ ಜೋಡಿಸ್ಕೊಂಡು ಬಂದು ಕೊನೇಗೆ ಒಂದು ಚಿಕ್ಕ ತುಂಡು ಬಿಗಿಯಾಗಿ ನೂಕಿದಾರೆ. ಅದೇ ಎಲ್ಲಾನೂ ಹಿಡ್ಕೊಂಡೈತೆ." ಮೂರು ವರ್ಷ ಅಲ್ಲಿ ಕೂತು ಎದ್ದ ನನಗೆ ಕಾಣದ ತುಂಡು ಅವರಿಗೆ ಮೂರು ನಿಮಿಷದಲ್ಲಿ ಕಂಡಿತ್ತು. ನನಗೆ ಹೆಮ್ಮೆಯಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು.

ರೈಲು ಹತ್ತಿದೆವು. ಸುರಂಗ ಹೊಕ್ಕ ಸ್ವಲ್ಪ ಹೊತ್ತಿಗೆ ನಾನು ಕಿಟಕಿಯ ಕಪ್ಪಿನ ಕಡೆ ಬೆರಳು ಮಾಡಿ ಅಲ್ಲೇ, ಅಲ್ಲೇ ಎಂದೆ. ಮಾವ ಕಾಣಲಿಲ್ಲವಲ್ಲ ಎಂದು ಪೇಚಾಡಿದರು. ರೈಲಿನ ವೇಗ ಎಂದೆ. ಅಲ್ಲಿಗೆ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕಸುಬಿನವರು ಬಿಡುವುದಿಲ್ಲ. ಯಾವುದರಿಂದ ಬರೆದೆ ಎಂದು ಕೇಳಿದರು. ಹಸಿ ಇದ್ದಾಗ ಮೊಳೆಯಿಂದ ಎಂದೆ.

"ಅಚ್ಚಲ್ಲಿದ್ದಾಗ ತುಂಡಿನ ಉಬ್ಬಿದ ಡುಬ್ಬ ಮೇಲಿತ್ತೋ ಕೆಳಗಿತ್ತೋ?"

"ಮೇಲೆ. ಡುಬ್ಬದ ಮೇಲೇ ಬರೆದೆ ಮಾವ, ದೊಡ್ಡದಾಗಿ."

ಮಾವ ಎದುರು ಸೀಟಿನವರನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಡುಬ್ಬ ಹೊರಗಡೆಗೆ ಬರುತ್ತೆ ಕಣಪ್ಪ. ಅದು ಮಣ್ಣಿನ ಕಡೆ ಮುಖ ಮಾಡ್ಕೊಂಡೈತೆ," ಎಂದರು.

ಎಷ್ಟು ಮೆಲ್ಲಗೆ ಹೇಳಿದರೂ ಮಂಜುಳಳಿಗೆ ಕೇಳಿಸಿತು. ಬೋರಲು ಹಾಕಿದ ಬೋಗುಣಿಯ ಬೆನ್ನ ಮೇಲೆ ಬರೆದರೆ ಒಳಗೆ ಕೂತವರಿಗೆ ಹೇಗೆ ಕಾಣುತ್ತದೆ ಎಂದು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎದುರು ಸೀಟಿನವರೂ ನಕ್ಕರು. ಜೀವಮಾನವಿಡೀ ಪಾತ್ರೆಯ ಹೊರಮೈಗೆ ಹೆಸರು ಕೊರೆಸಿದವನು ನಾನು, ಸುರಂಗಕ್ಕೂ ಹೊರಮೈಗೇ ಬರೆದಿದ್ದೆ. ಜನ ಓಡಾಡುವುದು ಒಳಗೆ ಎಂಬುದು ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಒಡಿಶಾದವನು ಯಾಕೆ ನಕ್ಕ, ಯಾಕೆ ಅಳಿಸಲಿಲ್ಲ ಎಂಬುದೂ ಆ ಕ್ಷಣ ತಿಳಿಯಿತು. ಆ ಮಗ್ಗುಲಲ್ಲಿ ರಾಮಕೋಟಿ ಬರೆದಿದ್ದರೂ ಅವನಿಗೆ ಚಿಂತೆಯಿರಲಿಲ್ಲ.

ಇಲ್ಲಿಯವರೆಗೂ ನಗುವ ಮಾತೇ. ಊರಿಗೆ ಹಿಂತಿರುಗುವ ರೈಲಿನಲ್ಲಿ ಮಾವ ನನ್ನನ್ನು ಸಮಾಧಾನ ಮಾಡುತ್ತಲೇ ಬಂದರು. ಹೆಸರು ಇದೆ ತಾನೇ, ಇದ್ದರೆ ಸಾಕು, ನಾವೇನು ಯಾರಿಗೂ ಹೇಳುವುದಿಲ್ಲ ಎಂದರು. ಅವರ ಆ ಕರುಣೆಯೇ ನನ್ನನ್ನು ಸುಟ್ಟಿತು. ಮುಖ ಎತ್ತಿ ನೋಡಲಾಗದೆ, ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ನಿಮ್ಮದೇನು ಭಾಗ್ಯ ಮಾವ? ಬೋರ್‌ವೆಲ್ ಬಂದ ಮೇಲೆ ನಿಮ್ಮ ಬಾವಿಗಳಿಗೆಲ್ಲ ಕಸ ಸುರಿದು ಮುಚ್ಚಿದಾರೆ. ನಿಮ್ಮ ಉಳಿ ಗುರುತೂ ಮಣ್ಣಲ್ಲೇ ಇರೋದು."

ಮಾವ ನನ್ನ ಮಾತಿಗೆ ಸಿಟ್ಟಾಗಲಿಲ್ಲ. ಲೆಕ್ಕ ತಪ್ಪಿದವನನ್ನು ತಿದ್ದುವಂತೆ, "ಒಂದು ಉಳಿದೈತೆ ಕಣಪ್ಪ," ಎಂದರು. "ತಿಂಗಳಿಗೊಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ." ಆಮೇಲೆ ಕಿಟಕಿಯ ಕಡೆ ತಿರುಗಿದರು. ದೊಡ್ಡಬಳ್ಳಾಪುರ ಬಂತು, ಮಾಕಳಿದುರ್ಗ ಬಂತು, ಗೌರಿಬಿದನೂರೇ ಬಂತು, ನನ್ನ ಕಡೆ ತಿರುಗಲಿಲ್ಲ. ಅವತ್ತು ಮಂಜುಳ ಮಾಡಿದ ಮುದ್ದೆಗೂ ಕೂರದೆ ನಂದಿಗೆ ಬಸ್ಸು ಹತ್ತಿದರು. ಕ್ಷಮೆ ಕೇಳಬೇಕೆಂದು ನಾನು ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಅಲ್ಲಿ ಚೀಲ ಕೊಟ್ಟು ಬಂದೆ.

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ನೆಂಟರ ಮಗುವಿಗೆ ನಾಮಕರಣ. ಉಡುಗೊರೆಗೆ ಒಂದು ಬೋಗುಣಿ ಕೊಂಡಿದ್ದೆ. ಹೆಸರು ಏನು ಹಾಕಲಿ ಎಂದು ಅಂಗಡಿಯವನು ಮಷೀನು ಎತ್ತಿದಾಗ ಬೇಡ ಎಂದೆ. ಮಂಜುಳ ನನ್ನ ಮುಖವನ್ನೇ ನೋಡಿದಳು. ಛತ್ರದಲ್ಲಿ ಮಾವ ಆಗಲೇ ಬಂದಿದ್ದರು. ಚಿಂತಾಮಣಿ ಕಡೆಯ ಯಾರೋ ಹಿರಿಯರು ನನ್ನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. ಹಳೆಯ ಅಭ್ಯಾಸಕ್ಕೆ ನಾನು ಒಂದು ಹೆಜ್ಜೆ ಹತ್ತಿರ ಹೋಗಿ ಹೆಗಲು ತಗ್ಗಿಸಿ ನಿಂತೆ. ಮಾವನ ಕೈ ಅವರ ಮಡಿಲಲ್ಲೇ ಇತ್ತು.

"ನಮ್ಮ ಮಂಜುಳಮ್ಮನ ಯಜಮಾನ್ರು," ಎಂದರು. "ಸಿಮೆಂಟ್ ಅಂಗಡೀಲಿದಾರೆ."

ಹನ್ನೆರಡು ವರ್ಷದಲ್ಲಿ ನನ್ನ ಬಗ್ಗೆ ಅವರು ಪೂರ್ತಿ ನಿಜ ಹೇಳಿದ್ದು ಅದೇ ಮೊದಲು. ಹೌದು ಎಂದು ಕೈಮುಗಿದೆ. ಮನೆಗೆ ಬಂದು ನೀರು ಕುಡಿಯಲು ಚೊಂಬೆತ್ತಿಕೊಂಡೆ. ಪಿಳ್ಳಪ್ಪನವರಿಂದ ಎಂದು ಇನ್ನೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಮಾವ ಅದನ್ನು ಕಣ್ಣಿಗೆ ಕಾಣುವ ಸರಿಯಾದ ಕಡೆಗೇ ಕೊರೆಸಿದ್ದಾರೆ, ನಾನು ಆ ಕಡೆಯನ್ನು ಗೋಡೆಗೆ ತಿರುಗಿಸಿಟ್ಟೆ.